ಕೆರೆ ಕಾಯ್ದವರ ಬಾಯಿಗೆ ನೀರಿಲ್ಲ

ಕನ್ನಡದಲ್ಲಿ 'ಕಟ್ಟಿದ' ಅಂತ ಒಂದು ಮಾತಿದೆ, 'ಕಟ್ಟಿಸಿದ' ಅಂತ ಇನ್ನೊಂದು ಮಾತಿದೆ. ಎರಡರ ನಡುವೆ ಇರುವುದು ಒಂದೇ ಒಂದು ಅಕ್ಷರ. ನಮ್ಮ ನಾಡಿನ ಕೆರೆಗಳ ಚರಿತ್ರೆಯೆಲ್ಲ ಆ ಒಂದು ಅಕ್ಷರದ ಹಿಂದೆ ಅಡಗಿ ಕೂತಿದೆ. ಕೆರೆ ಏರಿಯ ಮೇಲಿನ ಶಾಸನಗಳನ್ನು ನೋಡಿ. ಕಟ್ಟಿಸಿದ ಅರಸನ ಹೆಸರಿದೆ, ದಂಡನಾಯಕನ ಹೆಸರಿದೆ, ಗೌಡನ ಹೆಸರಿದೆ, ಅವನ ಅಪ್ಪನ ಹೆಸರಿದೆ, ತಾತನ ಹೆಸರಿದೆ. ದಾನ ಹಿಡಿದ ಬ್ರಾಹ್ಮಣರ ಹೆಸರು ಗೋತ್ರ ಸಮೇತ ಇದೆ. ಕಟ್ಟಿದವರ ಹೆಸರು ಹುಡುಕುತ್ತಾ ಹೋದರೆ ಕಣ್ಣು ನೋಯುತ್ತದೆಯೇ ಹೊರತು ಸಿಕ್ಕುವುದು ಅಪರೂಪ.

ಶಾಸನದ ಕೊನೆಗೆ ಒಂದು ಶಾಪವೂ ಇರುತ್ತದೆ. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಬ್ರಾಹ್ಮಣನನ್ನು ಕೊಂದ ಪಾಪ ಸುತ್ತಿಕೊಳ್ಳಲಿ ಅಂತ. ಏರಿಗೆ ಮಣ್ಣು ಹೊತ್ತು ಹೊತ್ತು ಬಿದ್ದುಹೋದ ಒಡ್ಡನ ಸಾವು, ತೂಬಿನೊಳಗೆ ಇಳಿದು ಉಸಿರುಗಟ್ಟಿದ ಹೊಲೆಯನ ಸಾವು ಆ ಪಾಪದ ಪಟ್ಟಿಯಲ್ಲಿಲ್ಲ. 'ಕೆರೆಗೆ ಹಾರ'ದ ಭಾಗೀರಥಿ ನೀರಿಗೆ ಬಲಿಯಾದಳು. ಅವಳು ಗೌಡನ ಮನೆಯ ಸೊಸೆ, ಅವಳಿಗೆ ಒಂದು ಹಾಡಾದರೂ ದಕ್ಕಿತು. ಕೇರಿಯವರಿಗೆ ಅದೂ ದಕ್ಕಲಿಲ್ಲ.

ಈವತ್ತು ಕೆರೆ ಉಳಿಸಿ ಅನ್ನುವ ಮಾತು ಎಲ್ಲರ ಬಾಯಲ್ಲಿದೆ. ಒಳ್ಳೆಯದೇ. ಆದರೆ ಕೆರೆ ಇಷ್ಟು ದಿನ ಉಳಿದಿದ್ದು ಯಾರಿಂದ, ಅಳಿದಿದ್ದು ಯಾರಿಂದ ಅನ್ನುವ ಲೆಕ್ಕ ಬಿಟ್ಟು ಕೆರೆ ಉಳಿಸುವುದು ಸಾಧ್ಯವಿಲ್ಲ ಅನ್ನುವುದು ನಮ್ಮ ವಾದ. ಅದಕ್ಕೇ ಬೆಂಗಳೂರಿನ ಕುಡಿಯುವ ನೀರಿನ ಚರಿತ್ರೆಯನ್ನು ಒಮ್ಮೆ ಕೇರಿಯ ಕಡೆಯಿಂದ ನೋಡೋಣ.

*

ಬೆಂಗಳೂರಿಗೆ ತನ್ನದು ಅನ್ನುವ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿರುವ ಊರು ಇದು. ಬಿದ್ದ ಮಳೆಯಲ್ಲಿ ಒಂದು ಪಾಲು ವೃಷಭಾವತಿ ಕಣಿವೆಗೆ ಇಳಿದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಇನ್ನೊಂದು ಪಾಲು ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಿಲ್ಲದೆ ಓಡುವ ಈ ನೀರನ್ನು ಹಿಡಿದು ನಿಲ್ಲಿಸದೆ ಇಲ್ಲಿ ಊರು ಬದುಕುವ ಹಾಗಿರಲಿಲ್ಲ. 1537ರಲ್ಲಿ ಕೆಂಪೇಗೌಡ ಕೋಟೆ, ಪೇಟೆ ಕಟ್ಟಿಸಿದ ಅಂತ ಚರಿತ್ರೆ ಹೇಳುತ್ತದೆ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳನ್ನು ಕೆಂಪೇಗೌಡರ ಕಾಲದವು ಅಂತಾರೆ. ಅಂಬುಧಿ ಅಂದರೆ ಸಮುದ್ರ. ಪೇಟೆಯ ಜನ ಕುಡಿದದ್ದು ಧರ್ಮಾಂಬುಧಿಯ ನೀರನ್ನು.

ಕೆರೆ ಅಂದರೆ ಬರೀ ಗುಂಡಿಯಲ್ಲ. ನೀರು ಬರುವುದಕ್ಕೆ ಕಾಲುವೆ ಬೇಕು, ನಿಲ್ಲುವುದಕ್ಕೆ ಏರಿ ಬೇಕು, ಬೇಕಾದಷ್ಟೇ ಬಿಡುವುದಕ್ಕೆ ತೂಬು ಬೇಕು, ಹೆಚ್ಚಾದದ್ದು ಏರಿಯನ್ನು ಒಡೆಯದ ಹಾಗೆ ಹೊರಗೆ ಹೋಗುವುದಕ್ಕೆ ಕೋಡಿ ಬೇಕು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಹೀಗೆ ಒಂದು ಕಣಿವೆಯ ಕೆರೆಗಳೆಲ್ಲ ಒಂದೇ ಸರದ ಮಣಿಗಳು. ಮೇಲೆ ಒಂದು ಕಡೆ ದಾರ ಹರಿದರೆ ಕೆಳಗಿನವೆಲ್ಲ ಚೆಲ್ಲಾಪಿಲ್ಲಿ. ಬೇಸಿಗೆಯಲ್ಲಿ ಹೂಳೆತ್ತಬೇಕು. ಆ ಹೂಳು ಹೊಲಕ್ಕೆ ಗೊಬ್ಬರ, ಕುಂಬಾರನಿಗೆ ಮಣ್ಣು. ಕೆರೆ ತುಂಬಿದ್ದರೆ ಸುತ್ತಿನ ಬಾವಿಗಳಲ್ಲಿ ಒರತೆ. ಕೆರೆ ಬತ್ತಿದ ವರ್ಷ ಬಾವಿಯೂ ಬತ್ತಿತು.

ಈ ಕೆಲಸವನ್ನೆಲ್ಲ ಮಾಡಿದವರು ಯಾರು? ಊರಿಂದ ಊರಿಗೆ ಗುದ್ದಲಿ, ಹಾರೆ, ಹೆಂಡಿರು ಮಕ್ಕಳ ಸಮೇತ ನಡೆದುಕೊಂಡು ಹೋಗಿ ಮಣ್ಣು ಅಗೆದವರು, ಕಲ್ಲು ಒಡೆದವರು ಒಡ್ಡರು. ಈವತ್ತು ಭೋವಿ ಅಂತ ಬರೆಸುತ್ತಾರೆ. ಕಟ್ಟಿದ ಕೆರೆಯನ್ನು ವರ್ಷಪೂರ್ತಿ ಕಾಯ್ದವನು ನೀರಗಂಟಿ. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಹನ್ನೆರಡು ಮಂದಿ ಆಯಗಾರರು ಇರುತ್ತಿದ್ದರು. ಗೌಡ, ಶಾನುಭೋಗರಿಂದ ಶುರುವಾಗಿ ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಅಗಸ, ಹಜಾಮರ ತನಕ. ಟಿಪ್ಪು ಸತ್ತ ಮೇಲೆ ಮೈಸೂರಿನ ಚರಿತ್ರೆ ಬರೆದ ಇಂಗ್ಲಿಷ್ ಅಧಿಕಾರಿ ವಿಲ್ಕ್ಸ್ ಕೊಟ್ಟ ಪಟ್ಟಿಯಲ್ಲೂ ನೀರಗಂಟಿ ಇದ್ದಾನೆ. ಬೆಂಗಳೂರು, ಕೋಲಾರದ ಕಡೆ ನೀರಗಂಟಿ ಅಂದರೆ ಹೆಚ್ಚಾಗಿ ನಮ್ಮವನೇ, ಹೊಲೆಯನೋ ಮಾದಿಗನೋ.

ನೀರಗಂಟಿಯ ಕೆಲಸ ಏನು ಅಂತ ಕೇಳಿ. ಮಳೆ ಹುಯ್ಯುವ ರಾತ್ರಿ ಊರೆಲ್ಲ ಕಂಬಳಿ ಹೊದ್ದು ಮಲಗಿದಾಗ ಅವನು ಏರಿಯ ಮೇಲೆ ನಡೆಯಬೇಕು. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲಿ ನೀರು ಒಸರುತ್ತಿದೆ ಅಂತ ಕಾಲಲ್ಲೇ ಕಂಡುಕೊಳ್ಳಬೇಕು. ತುಂಬಿದ ಕೆರೆಯಲ್ಲಿ ಮುಳುಗಿ ತೂಬಿನ ಬಾಯಿಗೆ ಹೊಡೆದ ಗೂಟ ಎತ್ತಬೇಕು, ಮತ್ತೆ ಮುಳುಗಿ ಹೊಡೆಯಬೇಕು. ಯಾವ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಅನ್ನುವ ಲೆಕ್ಕ ಅವನ ತಲೆಯಲ್ಲಿ. ನೀರು ಕಡಿಮೆ ಇದ್ದ ವರ್ಷ ಈ ಸಲ ಇಷ್ಟೇ ಭೂಮಿಗೆ ನೀರು ಅಂತ ಹೇಳುವ ಧೈರ್ಯವೂ ಅವನಿಗೆ ಬೇಕು. ಬಲವಂತರ ಗದ್ದೆಯ ನೀರು ನಿಲ್ಲಿಸಿ ಬೈಗುಳ ತಿಂದವನು ಅವನೇ. ಕಾಲೇಜು ಓದದ ಈ ಎಂಜಿನಿಯರಿಗೆ ಸಿಕ್ಕಿದ್ದು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಬೀಳುವ ಒಂದಿಷ್ಟು ಕಾಳು, ಇನಾಮು ಅನ್ನುವ ಹೆಸರಿನ ಒಂದು ತುಂಡು ಭೂಮಿ.

ಈಗ ಅದೇ ಊರಿನ ಇನ್ನೊಂದು ದೃಶ್ಯ. ನೀರಗಂಟಿಯ ಹೆಂಡತಿ ಬಿಂದಿಗೆ ಹಿಡಿದು ಬಾವಿಯ ಹತ್ತಿರ ಬಂದರೆ ದೂರ ನಿಲ್ಲಬೇಕು. ಯಾರಾದರೂ ಪುಣ್ಯಾತ್ಮರು ಸೇದಿ ಮೇಲಿಂದ ಹುಯ್ಯಬೇಕು. ಕೆರೆಗೆ ಹೋದರೆ ಅವರ ಸೋಪಾನ ಬೇರೆ, ಇವರ ಮೂಲೆ ಬೇರೆ. ಮೂಲೆ ಅಂದರೆ ದನ ಇಳಿಯುವ ಕಡೆ, ಕೆಸರಿನ ಕಡೆ. ಗಂಡ ಮುಳುಗಿ ಎದ್ದ ನೀರು ಊರಿಗೆ ಮೈಲಿಗೆಯಲ್ಲ, ಹೆಂಡತಿ ಅದ್ದಿದ ಬಿಂದಿಗೆ ಮೈಲಿಗೆ! ದುಡಿಮೆಗೆ ಮೈಲಿಗೆ ಇಲ್ಲ, ದಾಹಕ್ಕೆ ಮೈಲಿಗೆ. ಊರಿದ್ದ ಕಡೆ ಹೊಲಗೇರಿ ಅಂತ ಗಾದೆ ಮಾಡಿದವರು ಕೆರೆ ಇದ್ದ ಕಡೆ ಹೊಲಗೇರಿಗೆ ನೀರು ಅಂತ ಗಾದೆ ಮಾಡಲಿಲ್ಲ.

ಬೆಂಗಳೂರಿನ ಪೇಟೆಗಳ ಹೆಸರುಗಳನ್ನೇ ಎಣಿಸಿ. ಗಾಣಿಗರಿಗೆ ಒಂದು ಪೇಟೆ, ಕುಂಬಾರರಿಗೆ ಒಂದು ಪೇಟೆ, ಉಪ್ಪಾರರಿಗೆ, ತಿಗಳರಿಗೆ, ನಗರ್ತರಿಗೆ ಒಂದೊಂದು ಪೇಟೆ. ಅಕ್ಕಿಗೂ ತರಗಿಗೂ ಒಂದೊಂದು ಪೇಟೆ. ನಮ್ಮ ನಾಲಗೆಯ ಮೇಲೆ ಈವತ್ತಿಗೂ ಇರುವ ಈ ಹೆಸರುಗಳ ಸಾಲಿನಲ್ಲಿ ನೀರಗಂಟಿಗೊಂದು ಪೇಟೆ, ತೋಟಿಗೊಂದು ಪೇಟೆ ಕಾಣುವುದಿಲ್ಲ.

ಆದ್ದರಿಂದ ಹಿಂದೆ ಕೆರೆಗಳು ಊರಿನ ಎಲ್ಲರ ಸೊತ್ತಾಗಿದ್ದವು, ಬ್ರಿಟಿಷರು ಬಂದು ಕೆಡಿಸಿದರು ಅನ್ನುವ ಸುಂದರ ಕತೆಯನ್ನು ನಾವು ಒಪ್ಪುವುದಿಲ್ಲ. ಕೆರೆಯ ಕೆಲಸ ಎಲ್ಲರದಾಗಿತ್ತು, ಕೆರೆಯ ನೀರು ಎಲ್ಲರದಾಗಿರಲಿಲ್ಲ.

*

ಹಾಗಂತ ಬ್ರಿಟಿಷರು ಬಂದು ಉದ್ಧಾರ ಮಾಡಿದರು ಅಂತಲೂ ನಾವು ಹೇಳುತ್ತಿಲ್ಲ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಇಳಿಯಿತು. ದಂಡಿನ ಬಟ್ಟೆ ಒಗೆಯಲು, ಕುದುರೆ ತೊಳೆಯಲು, ಕಕ್ಕಸು ಬಳಿಯಲು ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ನಮ್ಮಂಥವರೇ ಬಂದರು. ಒಂದೇ ಊರು ಎರಡಾಯಿತು. ಈ ಕಡೆ ಪೇಟೆ, ಆ ಕಡೆ ಕಂಟೋನ್ಮೆಂಟು. ಹಲಸೂರು ಕೆರೆ ಸಾಲದಾಯಿತು.

ಆಮೇಲೆ ಬಂದದ್ದು 1876–78ರ ಮಹಾಬರ. ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಸತ್ತವರು ಸುಮಾರು 10 ಲಕ್ಷ ಅನ್ನುತ್ತಾರೆ. ಸತ್ತವರು ಯಾರು ಅಂತ ಬೇರೆ ಹೇಳಬೇಕೇ? ಕಣಜ ಇದ್ದವರು ಬದುಕಿದರು. ಕೂಲಿ ಇದ್ದರೆ ಗಂಜಿ ಅನ್ನುವವರು ದಾರಿಯ ಬದಿಯಲ್ಲಿ ಬಿದ್ದರು. ಅಳಿದುಳಿದವರನ್ನು ಬರಗಾಲದ ಕಾಮಗಾರಿಗೆ ಹಚ್ಚಿದರು. ಬೆಂಗಳೂರು–ಮೈಸೂರು ರೈಲು ಹಾದಿಗೆ ಮಣ್ಣು ಹೊತ್ತವರು ಅವರೇ.

ಬರ ಕಲಿಸಿದ ಪಾಠದಿಂದ ಸರ್ಕಾರಕ್ಕೆ ನೀರಿನ ಚಿಂತೆ ಹತ್ತಿತು. 1882ರಲ್ಲಿ ಕರ್ನಲ್ ಸ್ಯಾಂಕಿ ಕಂಟೋನ್ಮೆಂಟಿಗೆ ನೀರು ಒದಗಿಸಲು ಒಂದು ಕೆರೆ ಕಟ್ಟಿಸಿದ. ಕಟ್ಟಿಸಿದ, ನೆನಪಿಡಿ. ಸ್ಯಾಂಕಿ ಕೆರೆ ಅಂತ ಅದಕ್ಕೆ ಇನ್ನೂ ಅವನದೇ ಹೆಸರು. ಅದಕ್ಕೂ ಮಿಲ್ಲರ್ಸ್ ಕೆರೆಗೂ ಧರ್ಮಾಂಬುಧಿಗೂ ಸಂಬಂಧ ಕಲ್ಪಿಸಿದರು. ಅರಸನ ಶಾಸನದ ಜಾಗದಲ್ಲಿ ಕರ್ನಲ್ಲನ ಹೆಸರು ಬಂತು, ಅಷ್ಟೇ ವ್ಯತ್ಯಾಸ.

ಧರ್ಮಾಂಬುಧಿ ಮಾತ್ರ ಉಳಿಯಲಿಲ್ಲ. ರೈಲು ಹಳಿ ಬಂತು, ರಸ್ತೆ ಬಂತು, ಹೊಸ ಕಟ್ಟಡ ಬಂತು. ನೀರು ಬರುವ ದಾರಿಗೆ ಅಡ್ಡ ನಿಂತವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಪೇಟೆಗೆ ನೀರು ಕೊಟ್ಟ ಸಮುದ್ರ ಬತ್ತಿತ್ತು. ಆಗ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಕೆರೆ ಕಟ್ಟಿಸಿದರು. ಸೋಲದೇವನಹಳ್ಳಿಯಿಂದ ಹಬೆ ಯಂತ್ರದಲ್ಲಿ ನೀರೆತ್ತಿದರು. 1896ರಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂತು. ಎರಡೇ ವರ್ಷಕ್ಕೆ, 1898ರಲ್ಲಿ, ಪ್ಲೇಗು ಬಂತು. ಉಳ್ಳವರಿಗೆ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳಾದವು. ಹೆಣ ಹೊತ್ತವರಿಗೆ, ಕಸ ಗುಡಿಸಿದವರಿಗೆ ಅದೇ ಗುಡಿಸಲು.

ಬೀದಿ ನಲ್ಲಿ ಬಂದದ್ದು ಸಣ್ಣ ಸಂಗತಿಯಲ್ಲ. ಕೊಳವೆಯೊಳಗಿನ ನೀರು ಯಾರನ್ನೂ ನೀನು ಯಾವ ಜಾತಿ ಅಂತ ಕೇಳುವುದಿಲ್ಲ. ಸೇದಿ ಹುಯ್ಯುವ ಪುಣ್ಯಾತ್ಮರಿಗೆ ಕಾಯಬೇಕಾಗಿಲ್ಲ. ತಿರುಪಿದರೆ ಬರುತ್ತದೆ. ಆದರೆ ಕೊಳವೆ ಎಲ್ಲಿಯ ತನಕ ಬರಬೇಕು, ಯಾವ ಬೀದಿಗೆ ತಿರುಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮನುಷ್ಯರು ತೀರ್ಮಾನ ಮಾಡುತ್ತಾರೆ. ಮೈಲಿಗೆ ನೀರಿನಿಂದ ನಕಾಶೆಗೆ ಹೋಯಿತು.

*

ಪೇಟೆಯ ಕೆರೆ ಮುನಿಸಿಪಾಲಿಟಿಯ ಕೈಗೆ ಬಂದರೆ ಎಲ್ಲರಿಗೂ ನೀರು ಸಿಕ್ಕುತ್ತದೆಯೇ? ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಲ್ಲ, ಮಹಾರಾಷ್ಟ್ರದ ಕೊಂಕಣದ ಒಂದು ಸಣ್ಣ ಪಟ್ಟಣದಲ್ಲಿದೆ. ಅದು ಮಹಾಡ್. ಅಲ್ಲಿನ ಚವದಾರ್ ಕೆರೆಯ ಕತೆ ನಮ್ಮ ಎಲ್ಲ ಕೆರೆಗಳ ಕತೆ.

1923ರಲ್ಲಿ ಎಸ್.ಕೆ. ಬೋಲೆ ಅವರು ಮಂಡಿಸಿದ ಒಂದು ಗೊತ್ತುವಳಿಯನ್ನು ಮುಂಬಯಿ ಶಾಸನ ಪರಿಷತ್ತು ಒಪ್ಪಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡಿನ ಮುನಿಸಿಪಾಲಿಟಿಯೂ ತನ್ನ ಕೆರೆ ಎಲ್ಲರಿಗೂ ತೆರೆದಿದೆ ಅಂತ ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆಯಿತು, ಮೆಟ್ಟಿಲ ಮೇಲೆ ತೆರೆಯಲಿಲ್ಲ. ಮೂರು ವರ್ಷ ಒಬ್ಬ ಅಸ್ಪೃಶ್ಯನಿಗೂ ಇಳಿಯುವ ಧೈರ್ಯವಾಗಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ಆ ನೀರು ಕುಡಿದರು. ಇವರು ಗುಡಿಗೂ ನುಗ್ಗುತ್ತಾರೆ ಅಂತ ಗುಲ್ಲೆಬ್ಬಿಸಿ, ಊಟಕ್ಕೆ ಕೂತಿದ್ದ ಜನರ ಮೇಲೆ ದೊಣ್ಣೆ ಹಿಡಿದು ಬಿದ್ದರು. ಆಮೇಲೆ ಊರಿನ ಸನಾತನಿಗಳು 108 ಕೊಡಗಳಲ್ಲಿ ಕೆರೆಯ ನೀರೆತ್ತಿ, ಸಗಣಿ, ಗಂಜಳ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ವಾಪಸು ಸುರಿದು ಕೆರೆಯನ್ನು ಶುದ್ಧ ಮಾಡಿದರು! ಡಿಸೆಂಬರ್ 25ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಈ ನೀರು ಕುಡಿಯದಿದ್ದರೆ ನಾವೇನೂ ಸಾಯುವುದಿಲ್ಲ, ನಾವೂ ಮನುಷ್ಯರು ಅಂತ ಸ್ಥಾಪಿಸುವುದಕ್ಕೆ ಬಂದಿದ್ದೇವೆ ಅನ್ನುವ ಅರ್ಥದ ಮಾತನ್ನು ಬಾಬಾಸಾಹೇಬರು ಅಲ್ಲಿ ಆಡಿದರು. ಮೇಲ್ಜಾತಿಯವರು ಕೋರ್ಟಿಗೆ ಹೋದರು, ಕೆರೆ ತಮ್ಮ ಖಾಸಗಿ ಸೊತ್ತು ಅಂದರು. ಹತ್ತು ವರ್ಷ ಎಳೆದಾಡಿ 1937ರಲ್ಲಿ ಮುಂಬಯಿ ಹೈಕೋರ್ಟು ಅಸ್ಪೃಶ್ಯರ ಪರವಾಗಿ ತೀರ್ಪು ಕೊಟ್ಟಿತು.

ಮಹಾಡನ್ನು ನಾವು ಇಲ್ಲಿ ತಂದದ್ದು ಬರೀ ಸ್ಮರಣೆಗಲ್ಲ. ಅಲ್ಲಿ ಶುದ್ಧಿ ಅನ್ನುವ ಮಾತಿಗೆ ಎರಡು ಅರ್ಥ ಮುಖಾಮುಖಿ ನಿಂತವು. ನೀರಿನಲ್ಲಿ ಏನು ಬೆರೆತಿದೆ ಅನ್ನುವುದು ಒಂದು ಶುದ್ಧಿ. ನೀರನ್ನು ಯಾರು ಮುಟ್ಟಿದರು ಅನ್ನುವುದು ಇನ್ನೊಂದು ಶುದ್ಧಿ. ಸಗಣಿ ಸುರಿದು ಕೆರೆ ಶುದ್ಧ ಮಾಡಿದವರಿಗೆ ಮೊದಲನೆಯದು ಬೇಕಾಗಿರಲಿಲ್ಲ. ನಮ್ಮ ನಗರಗಳು ಕೆರೆ ನೋಡಿಕೊಂಡ ರೀತಿಯಲ್ಲೂ ಈ ಎರಡನೆಯ ಶುದ್ಧಿಯೇ ಗೆಲ್ಲುತ್ತಾ ಬಂದಿದೆ. ಹೇಗೆ ಅಂತ ನೋಡೋಣ.

*

ಹೆಸರಘಟ್ಟದ ನೀರು ಬಂದ ಮೇಲೆ ಬೆಂಗಳೂರಿಗೆ ತನ್ನ ಹೊಟ್ಟೆಯೊಳಗಿನ ಕೆರೆಗಳು ಬೇಡವಾದವು. 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೂ ದೊಡ್ಡ ಜಲಾಶಯವಾಯಿತು. 1974ರಲ್ಲಿ ಕಾವೇರಿಯೇ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪು ಹೊಡೆದು ಹತ್ತಿಸುವ ನೀರು. ನೀರು ದೂರದಿಂದ ಬಂದಷ್ಟೂ ಹತ್ತಿರದ ಕೆರೆ ಸೊಳ್ಳೆ ಗುಂಡಿಯಾಗಿ ಕಂಡಿತು. ಮಲೇರಿಯಾ ಅಂತ ಕಾರಣ ಕೊಟ್ಟು ಕೆರೆ ಒಣಗಿಸಿದರು.

ಒಣಗಿಸಿದ ಕೆರೆ ಏನಾಯಿತು? ಧರ್ಮಾಂಬುಧಿಯ ಅಂಗಳದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಕರಗದ ಆಚರಣೆಗೆ ಬೇಕು ಅಂತ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಸಿದ್ದಿಕಟ್ಟೆಯಲ್ಲಿ ಸಿಟಿ ಮಾರ್ಕೆಟ್ಟು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಮೈದಾನ, ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್, ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ. ಈ ಪಟ್ಟಿಯಲ್ಲಿ ಗುಡಿಸಲು ಎಷ್ಟಿವೆ, ಎಣಿಸಿ ನೋಡಿ. ಕೆರೆ ಒತ್ತುವರಿ ಅಂದ ಕೂಡಲೇ ಜೆಸಿಬಿ ಹೋಗುವುದು ಮಾತ್ರ ರಾಜಕಾಲುವೆಯ ಅಂಚಿನ ಗುಡಿಸಲಿಗೆ.

ನೀರಗಂಟಿ ಏನಾದ? 1961ರ ಕಾಯ್ದೆ ಊರಿನ ವಂಶಪಾರಂಪರ್ಯದ ಹುದ್ದೆಗಳನ್ನೆಲ್ಲ ರದ್ದು ಮಾಡಿತು. ಜೀತದಂಥ ಚಾಕರಿ ಹೋಯಿತು, ಅದು ಒಳ್ಳೆಯದೇ ಆಯಿತು. ಆದರೆ ಕೆರೆಯನ್ನು ಇನ್ನು ಯಾರು ಕಾಯಬೇಕು ಅನ್ನುವ ಪ್ರಶ್ನೆಗೆ ಕಾಯ್ದೆ ಉತ್ತರ ಕೊಡಲಿಲ್ಲ. ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು ಅದೇ ಮನುಷ್ಯನನ್ನು ಕೆರೆಯ ನೌಕರ ಅಂತ ಮಾಡಬಹುದಿತ್ತು, ಮಾಡಲಿಲ್ಲ. ಅವನ ಪಾಲಿಗೆ ಮರುಮಂಜೂರಾದ ತುಂಡು ಭೂಮಿಯನ್ನಾದರೂ ಬಿಟ್ಟರೇ? ಸಾಲ ಕೊಟ್ಟು, ಹೆಂಡ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿಕೊಂಡರು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಬೇರೆ ಭೂಮಿಯಾದರೂ ಹೀಗೆ ಕೈತಪ್ಪದಿರಲಿ ಅಂತ 1978ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಭೂಮಿ ಪರಭಾರೆ ನಿಷೇಧದ ಕಾಯ್ದೆ ಬಂತು. ಅಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅಂತ ನಮ್ಮವರ ಅರ್ಜಿಗಳನ್ನೇ ಕೋರ್ಟುಗಳು ತಳ್ಳಿಹಾಕಿದವು. ತಡವಾಯಿತು ಅನ್ನುವ ಆ ಕಾರಣವನ್ನು ಕಿತ್ತುಹಾಕಲು 2023ರಲ್ಲಿ ಮತ್ತೆ ತಿದ್ದುಪಡಿ ಬೇಕಾಯಿತು. ಅಷ್ಟು ಹೊತ್ತಿಗೆ ನಗರದ ಸುತ್ತಿನ ಎಷ್ಟೋ ಅಚ್ಚುಕಟ್ಟು ಸೈಟುಗಳಾಗಿ ಹೋಗಿತ್ತು.

ಕೆರೆ ಬಿಟ್ಟ ಕೈಗಳಿಗೆ ನಗರ ಇನ್ನೊಂದು ಕೆಲಸ ಕೊಟ್ಟಿತು, ಮಲ ಎತ್ತುವುದು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಪೌರಕಾರ್ಮಿಕರ ಪಾಡನ್ನು ಐ.ಪಿ.ಡಿ. ಸಾಲಪ್ಪ ಸಮಿತಿ 1976ರ ವರದಿಯಲ್ಲಿ ಸರ್ಕಾರದ ಮುಂದೆ ಇಟ್ಟಿತು. 1993ರಲ್ಲಿ ಒಂದು ಕೇಂದ್ರ ಕಾಯ್ದೆ, 2013ರಲ್ಲಿ ಇನ್ನೊಂದು. ಆದರೂ ಮ್ಯಾನ್‌ಹೋಲಿನಲ್ಲಿ ಇಳಿದು ಸಾಯುವುದು ನಿಂತಿಲ್ಲ. ಹಿಂದೆ ತೂಬಿಗೆ ಇಳಿದವನ ಮೊಮ್ಮಗ ಈಗ ಮ್ಯಾನ್‌ಹೋಲಿಗೆ ಇಳಿಯುತ್ತಾನೆ. ಎರಡರ ಆಳವೂ ಮೇಲೆ ನಿಂತವರಿಗೆ ಗೊತ್ತಿಲ್ಲ.

ಆ ಮ್ಯಾನ್‌ಹೋಲಿನ ನೀರು ಎಲ್ಲಿಗೆ ಹೋಗುತ್ತದೆ? ಕೆರೆಗೆ. ಮಳೆಯ ನೀರು ತರಲಿ ಅಂತ ತೋಡಿದ ರಾಜಕಾಲುವೆ ನಗರದ ಕೊಳಚೆಯನ್ನು ತಂದು ಕೆರೆಗೆ ಸುರಿಯುತ್ತಿದೆ. ಒಳಚರಂಡಿಯ ಕೊಳವೆ ಅರ್ಧಕ್ಕೆ ನಿಂತ ಕಡೆ, ಶುದ್ಧೀಕರಣ ಘಟಕ ಸಾಲದ ಕಡೆ, ಕಾರ್ಖಾನೆ ಕದ್ದು ಬಿಟ್ಟ ಕಡೆ ಎಲ್ಲವೂ ಕೆರೆಗೆ. ಕೊಳಚೆಯ ಸಾರ ಉಂಡು ಅಂತರಗಂಗೆ ಕಳೆ ಕೊಬ್ಬುತ್ತದೆ, ಅದು ಕೊಳೆತು ನೀರಿನ ಉಸಿರು ಕಟ್ಟುತ್ತದೆ. 2016ರಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಬೆಳ್ಳಂದೂರು ಕೆರೆ ಸೋಪಿನ ನೊರೆ ಉಕ್ಕಿಸಿ ರಸ್ತೆಗೆ ಬಂತು. 2015ರಲ್ಲಿ, 2017ರಲ್ಲಿ, 2018ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಸೈನಿಕರು ಬಂದು ಆರಿಸಬೇಕಾಯಿತು. ನೀರಿಗೆ ಬೆಂಕಿ ಬೀಳುವುದನ್ನೂ ನಗರ ಮಾಡಿ ತೋರಿಸಿತು.

ದೂರದ ಕೆರೆಗಳೂ ಬದುಕಲಿಲ್ಲ. ಅರ್ಕಾವತಿಯ ಜಲಾನಯನದಲ್ಲಿ ಕೊಳವೆಬಾವಿ, ಬಡಾವಣೆ, ಕಾರ್ಖಾನೆ ತುಂಬಿದ ಮೇಲೆ ಹೆಸರಘಟ್ಟಕ್ಕೆ ನೀರು ಬರುವುದು ನಿಂತಿತು. ತಿಪ್ಪಗೊಂಡನಹಳ್ಳಿಯ ಜಲಾನಯನ ಕಾಪಾಡಬೇಕು ಅಂತ 2003ರಲ್ಲಿ ಸರ್ಕಾರಿ ಆದೇಶ ಹೊರಟಿತು. 2012ರ ಹೊತ್ತಿಗೆ ಅಲ್ಲಿಂದ ಊರಿಗೆ ನೀರೆತ್ತುವುದೇ ನಿಂತುಹೋಯಿತು. ಒಂದು ಊರು ಕುಡಿಯುವ ತನ್ನ ಕೆರೆಗಳನ್ನು ಒಂದಾದ ಮೇಲೊಂದು ಕೊಂದು, ಪ್ರತಿ ಸಲವೂ ಇನ್ನೂ ದೂರದ ನೀರಿಗೆ ಕೈಚಾಚಿದ ಚರಿತ್ರೆ ಇದು.

*

ಕೆರೆ ಉಳಿಸುವ ಮಾತು ಶುರುವಾಗಿದ್ದು ಇದರ ನಡುವೆಯೇ. 1985ರಲ್ಲಿ ಲಕ್ಷ್ಮಣರಾವ್ ಸಮಿತಿ ಆಯಿತು. ಇದ್ದ ಕೆರೆಗಳನ್ನು ಉಳಿಸಿ, ಕೊಳಚೆ ಬಿಡಬೇಡಿ ಅಂತ ಹೇಳಿತು. 2002ರಲ್ಲಿ ಕೆರೆಗಳಿಗೇ ಒಂದು ಪ್ರಾಧಿಕಾರವಾಯಿತು. ಆ ಪ್ರಾಧಿಕಾರದ ಕಾಲದಲ್ಲಿ ಕೆಲವು ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಬೇಲಿ ಬಂತು, ಟಿಕೆಟ್ಟು ಬಂತು, ದೋಣಿ ಬಂತು. ಜನ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕೆರೆಗಳು ಸಾರ್ವಜನಿಕರ ಸೊತ್ತು ಅನ್ನುವುದನ್ನು ಕೋರ್ಟು ಎತ್ತಿ ಹಿಡಿಯಿತು. ಕೆಲವು ಬಡಾವಣೆಗಳ ಜನ ಮುಂದೆ ನಿಂತು ಕೈಕೊಂಡ್ರಹಳ್ಳಿಯಂಥ ಕೆರೆಗಳನ್ನು ಮತ್ತೆ ಬದುಕಿಸಿದರು. ಅವರ ಶ್ರಮವನ್ನು ನಾವು ಹೀಗಳೆಯುವುದಿಲ್ಲ.

ಆದರೆ ಅಭಿವೃದ್ಧಿಯಾದ ಕೆರೆಯ ಗೇಟಿನ ಬೋರ್ಡನ್ನು ಒಮ್ಮೆ ಓದಿ. ದನ ತೊಳೆಯಬಾರದು. ಬಟ್ಟೆ ಒಗೆಯಬಾರದು. ಹುಲ್ಲು ಕೊಯ್ಯಬಾರದು. ಬೆಳಿಗ್ಗೆ ಇಷ್ಟರಿಂದ ಇಷ್ಟು ಹೊತ್ತು, ಸಂಜೆ ಇಷ್ಟರಿಂದ ಇಷ್ಟು ಹೊತ್ತು. ಆ ಹೊತ್ತು ಕೂಲಿಗೆ ಹೋಗುವವನದಲ್ಲ, ವಾಕಿಂಗ್ ಹೋಗುವವನದು. ಅಗಸನನ್ನು ಎಬ್ಬಿಸಿದರು, ದನ ಮೇಯಿಸುವವನನ್ನು ಎಬ್ಬಿಸಿದರು, ಸೊಪ್ಪು ಕೊಯ್ಯುವ ಹೆಂಗಸನ್ನು ಎಬ್ಬಿಸಿದರು. ಕೊಳಚೆಯ ಕಾಲುವೆಯನ್ನು ಮಾತ್ರ ಎಬ್ಬಿಸಲಿಲ್ಲ. ಯಾರು ಮುಟ್ಟುತ್ತಾರೆ ಅನ್ನುವುದನ್ನು ನಿಲ್ಲಿಸಿ, ಏನು ಬೆರೆಯುತ್ತದೆ ಅನ್ನುವುದನ್ನು ಬಿಟ್ಟರೆ ಅದು ಮಹಾಡಿನ ಶುದ್ಧಿಯೇ. 108 ಕೊಡಗಳ ಜಾಗದಲ್ಲಿ ಕಬ್ಬಿಣದ ಬೇಲಿ ಬಂದಿದೆ.

ನೀರಿನ ಜಾಗದಲ್ಲೂ ಅದೇ ಕತೆ. ಇದು ಬೆಂಗಳೂರೊಂದರ ಪಾಪವಲ್ಲ. 2010ರ ಜುಲೈನಲ್ಲಿ ಸವಣೂರಿನ ಭಂಗಿಗಳು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡರು. ಊರಿನ ಮಲ ಎತ್ತಿದವರಿಗೆ ಇದ್ದ ನೆಲೆಗೂ ಕುಡಿಯುವ ನೀರಿಗೂ ಸಂಚಕಾರ ಬಂದಿತ್ತು. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿಯ ಐದನೇ ಹಂತದ ನೀರು ಬರಲು 2024ರ ಅಕ್ಟೋಬರ್ ಆಗಬೇಕಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ನಗರವೆಲ್ಲ ಟ್ಯಾಂಕರಿನ ಹಿಂದೆ ಓಡಿತು. ಆಗ ಪತ್ರಿಕೆಗಳಿಗೆ ನೀರಿನ ಬರ ಕಾಣಿಸಿತು. ಖಾಲಿ ಬಿಂದಿಗೆಗಳ ಸಾಲು ನಮ್ಮ ಕೇರಿಗಳಲ್ಲಿ ವರ್ಷ ವರ್ಷವೂ ಇತ್ತು, ಅಪಾರ್ಟ್‌ಮೆಂಟಿನ ಮುಂದೆ ಬಂದಾಗ ಅದು ಸುದ್ದಿಯಾಯಿತು.

ಕೋಲಾರದ ಮಾತು ಹೇಳದೆ ಇದು ಪೂರ್ತಿಯಾಗುವುದಿಲ್ಲ. ಕೆರೆಗಳ ಸೀಮೆ, ನೀರಗಂಟಿಗಳ ಸೀಮೆ, ದಲಿತ ಚಳವಳಿಯ ಸೀಮೆ ಅದು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಮಾತ್ರ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಅಂತರ್ಜಲ ಏರಲಿ ಅಂತ. ಒಣಗಿದ ಕೆರೆಯಲ್ಲಿ ನೀರು ಕಂಡ ರೈತನಿಗೆ ಸಂತೋಷವಾಗಿದ್ದು ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಅಲ್ಲಿನ ಹೋರಾಟಗಾರರು ಕೇಳಿದ್ದರಲ್ಲೂ ತಪ್ಪಿಲ್ಲ. ನಗರ ಕುಡಿಯುವುದು ಕಾವೇರಿ, ಕಳಿಸುವುದು ಕೊಳಚೆ. ಸೇದಿ ಮೇಲಿಂದ ಹುಯ್ಯುವ ಹಳೆಯ ಪದ್ಧತಿಯೇ ಪೈಪಿನಲ್ಲಿ ಮುಂದುವರಿದಿದೆ ಅಂತ ಯಾರಾದರೂ ಅಂದರೆ ಅವರ ಬಾಯಿ ಮುಚ್ಚಿಸುವುದು ಹೇಗೆ?

*

ಹಾಗಾದರೆ ನಾವು ಕೇಳುವುದೇನು? ಹಳೆಯ ಕಾಲ ವಾಪಸು ಬರಲಿ ಅಂತ ಅಲ್ಲ, ಆ ಕಾಲದಲ್ಲಿ ನಮಗೆ ಸೋಪಾನವಿರಲಿಲ್ಲ. ಕೆರೆಗೆ ಬೇಲಿ ಹಾಕಿ ಅಂತಲೂ ಅಲ್ಲ, ಆ ಬೇಲಿಯ ಹೊರಗೆ ಉಳಿಯುವವರು ನಾವೇ.

ಕೆರೆಯನ್ನು ಮೊದಲು ಕುಡಿಯುವ ನೀರಿನ ಮೂಲ ಅಂತ ಕಾಣಬೇಕು, ಉದ್ಯಾನ ಆಮೇಲೆ. ಕೊಳಚೆಯನ್ನು ಅದು ಹುಟ್ಟುವ ಕಡೆಯೇ ತಡೆದು ಪೂರ್ತಿ ಶುದ್ಧ ಮಾಡಬೇಕು. ಆ ಕೆಲಸ ಯಂತ್ರದ್ದಾಗಬೇಕು. ಯಂತ್ರ ನಡೆಸುವವನಿಗೆ ಕಾಯಂ ನೌಕರಿ ಇರಬೇಕು. ಇನ್ನೊಬ್ಬ ಮನುಷ್ಯ ಮ್ಯಾನ್‌ಹೋಲಿಗೆ ಇಳಿಯಕೂಡದು. ಒತ್ತುವರಿಯ ಪಟ್ಟಿಯನ್ನು ಗುಡಿಸಲಿನಿಂದ ಶುರು ಮಾಡದೆ ಸರ್ಕಾರದ ಮೈದಾನ, ದೊಡ್ಡವರ ಬಡಾವಣೆಗಳಿಂದ ಶುರು ಮಾಡಬೇಕು. ಗುಡಿಸಲು ಎಬ್ಬಿಸಲೇಬೇಕಾದರೆ ಮೊದಲು ಮನೆ, ಆಮೇಲೆ ಜೆಸಿಬಿ. ಕೆರೆ ಸಮಿತಿ ಅಂತ ಮಾಡಿದರೆ ಅದರಲ್ಲಿ ಅಗಸ, ಬೆಸ್ತ, ದನಗಾಹಿ, ಪೌರಕಾರ್ಮಿಕ ಹೆಣ್ಣುಮಕ್ಕಳು ಕೂರಬೇಕು. ಮೂಲೆಯಲ್ಲಿ ಅಲ್ಲ, ತೀರ್ಮಾನ ಮಾಡುವ ಕುರ್ಚಿಯಲ್ಲಿ. ನೀರಗಂಟಿ ಅನ್ನುವ ಹುದ್ದೆಯನ್ನು ಸಂಬಳ, ಪಿಂಚಣಿ ಸಮೇತ ಮತ್ತೆ ಹುಟ್ಟುಹಾಕಬೇಕು, ಜಾತಿಯ ಕೆಲಸವಾಗಿ ಅಲ್ಲ, ಓದಿದ ಯಾವ ಜಾತಿಯ ಹುಡುಗನೂ ಹುಡುಗಿಯೂ ಅರ್ಜಿ ಹಾಕುವ ಸರ್ಕಾರಿ ಕೆಲಸವಾಗಿ. ಅವರಿಗೆ ಪಾಠ ಹೇಳಲು ಇನ್ನೂ ಉಳಿದಿರುವ ಮುದುಕ ನೀರಗಂಟಿಗಳನ್ನು ಗುರುಗಳಾಗಿ ಕರೆಯಬೇಕು.

ಅವರು ಬಹಳ ಮಂದಿ ಉಳಿದಿಲ್ಲ. ಈ ಪತ್ರಿಕೆ ಓದುವ ಗೆಳೆಯರು ತಮ್ಮ ತಮ್ಮ ಊರಿನ ಕೇರಿಗೆ ಹೋಗಿ ಕೇಳಬೇಕು. ನಮ್ಮ ಕೆರೆಯ ತೂಬು ಎತ್ತುತ್ತಿದ್ದವರು ಯಾರು, ಅವರ ಅಪ್ಪ ಯಾರು, ಅವರ ಭೂಮಿ ಈಗ ಯಾರ ಹೆಸರಿನಲ್ಲಿದೆ, ಅವರ ಮನೆಯ ಹೆಂಗಸರು ಎಲ್ಲಿಂದ ನೀರು ತರುತ್ತಿದ್ದರು? ಕೇಳಿ ಬರೆದುಕೊಳ್ಳಿ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇದ್ದೇ ಇದೆ. ಕಟ್ಟಿದವರ, ಕಾಯ್ದವರ ಹೆಸರನ್ನು ನಾವು ಕಾಗದದ ಮೇಲಾದರೂ ಬರೆಯದಿದ್ದರೆ ಇನ್ನು ಯಾರೂ ಬರೆಯುವುದಿಲ್ಲ.